ಕರೆದಾಗ ಬಾರದ ಗಮನ

ನಮ್ಮ ತಂದೆಯವರು ಧಾರವಾಡದಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಯಾವ ಹುಡುಗನು ಯಾವುದಕ್ಕೆ ಯೋಗ್ಯನೆಂಬುದನ್ನು ಅವನ ಪಾಟಿಯ ಮೇಲಿನ ಅಕ್ಷರಗಳನ್ನು ನೋಡಿಯೇ ಹೇಳಬಲ್ಲವರೆಂದು ಊರಲ್ಲೆಲ್ಲ ಹೆಸರಾಗಿದ್ದ ಅವರಿಗೆ, ತಮ್ಮ ಸ್ವಂತ ಮಗನ ವಿಷಯದಲ್ಲಿ ಮಾತ್ರ ಕಡೆಯವರೆಗೂ ಒಂದು ನಿರ್ಣಯಕ್ಕೆ ಬರುವುದು ಸಾಧ್ಯವಾಗಲಿಲ್ಲ. ಮಗ್ಗಿಯನ್ನು ಒಮ್ಮೆ ಕೇಳಿಯೇ ಒಪ್ಪಿಸಬಲ್ಲ ಹುಡುಗನು ಅದೇ ಮಗ್ಗಿಯನ್ನು ಬರೆಯೆಂದರೆ ಅರ್ಧಕ್ಕೆ ಬಿಟ್ಟು, ಕಿಟಕಿಯಾಚೆ ಹೋಗುವ ಚಕ್ಕಡಿಯ ಗಾಲಿಯನ್ನು ನೋಡುತ್ತ ಕೂತುಬಿಡುತ್ತಿದ್ದನು. ಮನೆಯ ಗೋಡೆ ಗಡಿಯಾರವನ್ನು ಬಿಚ್ಚಿ, ಮತ್ತೆ ಜೋಡಿಸಿ, ನಡೆಯುವಂತೆ ಮಾಡಬಲ್ಲವನು ಅಂಗಡಿಯಿಂದ ತರಬೇಕಾದ ಮೂರು ಸಾಮಾನುಗಳಲ್ಲಿ ಎರಡನ್ನು ಮರೆತು ಬರುತ್ತಿದ್ದನು. “ದಡ್ಡ ಅಲ್ಲ, ಉಡಾಳನೂ ಅಲ್ಲ, ಆದರೂ ಇಂವಾ ಕೈಗೆ ಹತ್ತವಲ್ಲ” ಎಂದು ಅವರು ಅವ್ವನ ಮುಂದೆ ಹೇಳಿಕೊಳ್ಳುತ್ತಿದ್ದ ಮಾತಿನಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತೆಂಬುದು ನನಗೆ ಆಗಲೂ ತಿಳಿಯುತ್ತಿತ್ತು. ಅವರು 1983ರಲ್ಲಿ ತೀರಿಕೊಂಡರು. ಅವರನ್ನು ಕಾಡಿದ ಪ್ರಶ್ನೆಗೆ ಉತ್ತರ ದೊರೆತದ್ದು 2014ರಲ್ಲಿ, ಪುಣೆಯಲ್ಲಿ, ನನಗೆ 58 ತುಂಬಿ ನಿವೃತ್ತಿಯು ಸಮೀಪಿಸಿದ್ದ ಕಾಲದಲ್ಲಿ.

ಆ ವರ್ಷ ನನ್ನ ಮಗಳು ಮನಶ್ಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಳು. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಿಂದ ವಯಸ್ಕರಿಗಾಗಿಯೇ ರಚಿತವಾದ 18 ಪ್ರಶ್ನೆಗಳ ಒಂದು ಪ್ರಶ್ನಾವಳಿಯನ್ನು ಅಭ್ಯಾಸಕ್ಕಾಗಿ ಯಾರ ಮೇಲಾದರೂ ಪ್ರಯೋಗಿಸಬೇಕಾಗಿ, ಒಂದು ರವಿವಾರ ಮಧ್ಯಾಹ್ನ ಅವಳು ನನ್ನನ್ನು ಕೂಡಿಸಿಕೊಂಡು ಒಂದೊಂದಾಗಿ ಕೇಳತೊಡಗಿದಳು. ಕೆಲಸದ ಕಠಿಣ ಭಾಗವು ಮುಗಿದ ಮೇಲೆ ಉಳಿದ ಚಿಲ್ಲರೆ ಭಾಗವನ್ನು ಪೂರೈಸಲು ಕಷ್ಟವಾಗುವುದುಂಟೆ, ಬಹಳ ಯೋಚನೆ ಬೇಡುವ ಕೆಲಸವನ್ನು ಮುಂದೂಡುವುದುಂಟೆ, ಬಹಳ ಹೊತ್ತು ಕೂಡಬೇಕಾದಾಗ ಕೈಕಾಲುಗಳು ಸುಮ್ಮನಿರದೆ ಆಡುವುವೆ, ಒಳಗೊಂದು ಯಂತ್ರವಿದ್ದು ನೂಕುತ್ತಿರುವಂತೆ ಅನ್ನಿಸುವುದುಂಟೆ ಎಂದು ಮುಂತಾಗಿ ಆ ಪ್ರಶ್ನೆಗಳು ಸಾಗಿದ್ದವು. ಉತ್ತರ ಹೇಳುತ್ತ ಹೇಳುತ್ತ ನನಗಾದ ಅನುಭವವನ್ನು ಹೇಗೆ ವರ್ಣಿಸಲಿ! ನನ್ನನ್ನು ಎಂದೂ ಕಾಣದವರು ಯಾರೋ ದೂರದ ದೇಶದಲ್ಲಿ ಕುಳಿತು ನನ್ನ ದಿನಚರಿಯನ್ನು ಬರೆದಿಟ್ಟಿದ್ದರು. ಮಗಳು ಕಾಗದವನ್ನು ಮಡಿಸಿಟ್ಟು, “ಅಪ್ಪಾ, ಇದು ಪರೀಕ್ಷೆ ಅಲ್ಲ, ಬರೇ ಸೂಚನೆ, ನಿಜ ಏನು ಅಂತ ಡಾಕ್ಟರೇ ಹೇಳಬೇಕು” ಎಂದಳು. ಮುಂದಿನ ವಾರವೇ ನಾವು ಮನೋವೈದ್ಯರೊಬ್ಬರಲ್ಲಿಗೆ ಹೋದೆವು.

ವೈದ್ಯರು ಅವಸರದವರಲ್ಲ. ಎಡಿಎಚ್‌ಡಿ ಎಂಬ, ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಈ ಸ್ಥಿತಿಯು ನಡುವಯಸ್ಸಿನಲ್ಲಿ ಹೊಸದಾಗಿ ಬಂದು ಸೇರುವಂಥದಲ್ಲವೆಂದೂ, ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಲಕ್ಷಣಕೋಶದ ಪ್ರಕಾರ 12 ವರ್ಷ ತುಂಬುವ ಮೊದಲೇ ಅದರ ಕೆಲವು ಲಕ್ಷಣಗಳಾದರೂ ಕಂಡಿರಬೇಕೆಂದೂ, ಮನೆ, ಶಾಲೆ, ಕಚೇರಿ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಅದು ಬಾಳಿಗೆ ಅಡ್ಡಿಯಾಗಿರಬೇಕೆಂದೂ ಅವರು ತಿಳಿಸಿ ಹೇಳಿದರು. ಮನಸ್ಸು ಚಂಚಲವೆಂದು ಗೀತೆಯಲ್ಲಿ ಅರ್ಜುನನೇ ದೂರಿಕೊಂಡಿರುವಾಗ, ಎಲ್ಲರಿಗೂ ಇರುವ ಚಾಂಚಲ್ಯಕ್ಕೆ ರೋಗದ ಹೆಸರು ಏತಕ್ಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಎಲ್ಲರ ಚಾಂಚಲ್ಯವೂ ಸಂದರ್ಭ ಕಳೆದ ಮೇಲೆ ಅಡಗುತ್ತದೆ, ಇದು ಬಾಲ್ಯದಿಂದ ಮುಪ್ಪಿನವರೆಗೆ ಜತೆಬಿಡದೆ ಬರುವ ಪ್ರಕೃತಿ. ನನ್ನ ಬಾಲ್ಯಕ್ಕೆ ಸಾಕ್ಷಿಯಾಗಬಲ್ಲವರು ಆಗ ಉಳಿದಿದ್ದದ್ದು ಒಬ್ಬರೇ, ಧಾರವಾಡದ ನಮ್ಮ ಅಕ್ಕ. ವೈದ್ಯರ ಎದುರಿನಲ್ಲಿಯೇ ಫೋನ್ ಮಾಡಿದೆ.

“ಸಾಲ್ಯಾಗ ನೀ ಹೆಂಗಿದ್ದಿ ಅಂದ್ರ?” ಎಂದು ಅಕ್ಕ ಆರಂಭಿಸಿದಳು. “ಕುಂತಲ್ಲಿ ಕೂಡ್ತಿದ್ದಿಲ್ಲ. ಉಣ್ಣೂಮುಂದನೂ ತಾಟು ಬಿಟ್ಟು ಎದ್ದು ಹೊರಗ ಹೋಗಿ ಬರ್ತಿದ್ದಿ. ಛತ್ರಿ ಒಯ್ದ ದಿನ ಛತ್ರಿ ಇಲ್ದ ಬರ್ತಿದ್ದಿ. ಆದ್ರ ಗಡಿಯಾರ ಬಿಚ್ಚಿಕೊಂಡು ಕುಂತಿ ಅಂದ್ರ ಕಿವಿಯಾಗ ಬಾಯಿ ಇಟ್ಟು ಕರದ್ರೂ ನಿನಗ ಕೇಳಿಸ್ತಿದ್ದಿಲ್ಲ.” ಮರಾಠಿ ಮಾತಿನವರಾದ ಆ ವೈದ್ಯರು, ನಾನು ಅನುವಾದಿಸಿ ಹೇಳುವ ಮೊದಲೇ, ಅವಳ ಕನ್ನಡವನ್ನು ಉತ್ಸಾಹದಿಂದ ಕೇಳುತ್ತಿದ್ದರು. ಮಾತು ಮುಗಿಯಿತೆಂದುಕೊಂಡು ನಾನು ಫೋನ್ ಇಡುವಷ್ಟರಲ್ಲಿ ಅಕ್ಕ ಸ್ವಲ್ಪ ತಡೆದು, “ನಂದೂ ಹಂಗನ ಇತ್ತಲ್ಲೋ ತಮ್ಮಾ. ನನ್ನ ಯಾರು ಕೇಳಿದ್ರು?” ಎಂದಳು.

ಈ ಮಾತಿನ ಭಾರವನ್ನು ನಾನು ಇನ್ನೂ ಹೊತ್ತಿದ್ದೇನೆ. ಅವಳು ನನ್ನ ಹಾಗೆ ಓಡಾಡಿದವಳಲ್ಲ. ಕೂಡಿಸಿದಲ್ಲಿ ಕೂತವಳು, ಆದರೆ ಕೂತಲ್ಲಿ ಇದ್ದವಳಲ್ಲ. ಒಲೆಯ ಮೇಲಿಟ್ಟ ಹಾಲು ಅವಳ ಕಣ್ಣೆದುರಿಗೇ ಉಕ್ಕುತ್ತಿತ್ತು, ರಂಗೋಲಿ ಅರ್ಧಕ್ಕೆ ನಿಲ್ಲುತ್ತಿತ್ತು, ಕರೆದರೆ ಓಗೊಡುವುದಕ್ಕೆ ಒಂದು ಗಳಿಗೆ ಹಿಡಿಯುತ್ತಿತ್ತು. ‘ಮಬ್ಬ’ ಎಂಬ ಹೆಸರು ಬಿದ್ದು, ಏಳನೆಯ ಇಯತ್ತೆಗೆ ಅವಳ ಓದು ಮುಗಿದುಹೋಯಿತು. ಅಂಥ ಅಕ್ಕನೇ, ಬಳಗದ ಮದುವೆಗಳಲ್ಲಿ ಅಡಿಗೆಯವನು ಕೈಕೊಟ್ಟಾಗ, ಬೀಗರ ಗಾಡಿ ತಪ್ಪಿದಾಗ, ಮುಹೂರ್ತ ಸಮೀಪಿಸಿ ಮಿಕ್ಕವರೆಲ್ಲ ಕೈಕಾಲು ಬಿಟ್ಟಾಗ, ಸೆರಗು ಸಿಕ್ಕಿಸಿ ನಿಂತು ಇನ್ನೂರು ಎಲೆಯ ಪಂಕ್ತಿಯನ್ನು ದಡ ಮುಟ್ಟಿಸುತ್ತಿದ್ದಳು. ಅವಳಿಗಿದ್ದ ಆ ಶಕ್ತಿಯನ್ನು ಊರೆಲ್ಲ ಉಪಯೋಗಿಸಿಕೊಂಡಿತು. ಅದಕ್ಕೆ ಹೆಸರಿಟ್ಟವರಾಗಲಿ ಮನ್ನಣೆ ಕೊಟ್ಟವರಾಗಲಿ ಇಲ್ಲ. ಅವಳಿಜವಳಿ ಮಕ್ಕಳನ್ನು ಕುರಿತ ಅಧ್ಯಯನಗಳ ಪ್ರಕಾರ ಈ ಪ್ರಕೃತಿಯಲ್ಲಿ ಆನುವಂಶಿಕತೆಯ ಪಾಲು ನೂರಕ್ಕೆ 70ರಿಂದ 80ರಷ್ಟು. ನಮ್ಮ ಮನೆಯಲ್ಲಿ ಆ ಪಾಲು ಇಬ್ಬರಿಗೂ ಬಂದಿತ್ತು. ಗಂಡುಹುಡುಗನ ಓಡಾಟವು ಎಲ್ಲರ ಕಣ್ಣಿಗೆ ಬಿತ್ತು, ಹೆಣ್ಣುಹುಡುಗಿಯ ಅನ್ಯಮನಸ್ಕತೆ ಯಾರ ಗಮನಕ್ಕೂ ಬರಲಿಲ್ಲ.

ಈ ಸ್ಥಿತಿಯೆಂಬುದೇನೂ ಈಚಿನವರ ಕಲ್ಪನೆಯಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರಿಕ್ಟನ್ನನು 1798ರಲ್ಲಿಯೇ, ಒಂದು ವಿಷಯದ ಮೇಲೆ ಗಮನವನ್ನು ನಿಲ್ಲಿಸಲಾರದವರನ್ನು ಕುರಿತು ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು ಇಂಥ ಮಕ್ಕಳ ವಿಷಯವಾಗಿ ಉಪನ್ಯಾಸಮಾಲೆಯನ್ನೇ ಕೊಟ್ಟನು. ಆದರೆ ಅದು ಮಕ್ಕಳ ತೊಂದರೆ, ದೊಡ್ಡವರಾಗುತ್ತ ತಾನಾಗಿ ಬಿಟ್ಟುಹೋಗುತ್ತದೆ ಎಂಬ ನಂಬಿಕೆ ಬಹುಕಾಲ ಉಳಿದುಬಂದಿತು. ನಮ್ಮ ಯೋಗಶಾಸ್ತ್ರದ ಭಾಷ್ಯಕಾರರು ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ ಎಂದು ಚಿತ್ತಕ್ಕೆ ಐದು ಭೂಮಿಕೆಗಳನ್ನು ಹೇಳಿದ್ದಾರಷ್ಟೆ. ನನ್ನಂಥವರ ವಿಶೇಷವೇನೆಂದರೆ, ಕ್ಷಿಪ್ತವೂ ಏಕಾಗ್ರವೂ ನಮ್ಮಲ್ಲಿ ನೆರೆಮನೆಗಳಲ್ಲಿಯೇ ವಾಸಿಸುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಬಾಗಿಲಿನ ಕೀಲಿ ಮಾತ್ರ ನಮ್ಮ ಕೈಯಲ್ಲಿಲ್ಲ. ಕರ್ತವ್ಯವೆಂದು ಕರೆದರೆ ಗಮನವು ಬಾರದು. ಆಸಕ್ತಿಯೋ ಹೊಸತನವೋ ಆಪತ್ತೋ ಎದುರಾದರೆ ಕರೆಯದೆಯೇ ಬಂದು ನಿಲ್ಲುವುದು. ಮೆದುಳಿನ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳ ವ್ಯವಹಾರದಲ್ಲಿರುವ ವ್ಯತ್ಯಾಸಕ್ಕೂ ಇದಕ್ಕೂ ಸಂಬಂಧವಿದೆಯೆಂದು ವೈದ್ಯರು ಹೇಳಿದರು. ಗಮನದ ಈ ಸ್ವಭಾವಕ್ಕೆ ಪ್ರತ್ಯಕ್ಷ ಪ್ರಮಾಣವು ನನಗೆ ಪುಣೆಯ ಭೋಸರಿಯಲ್ಲಿ ಅದಾಗಲೇ ದೊರೆತಿತ್ತು.

ಡಿಪ್ಲೊಮಾ ಮುಗಿಸಿ 1977ರಲ್ಲಿ, ಮೀರಜಿನಲ್ಲಿ ಮೀಟರ್‌ಗೇಜ್ ಗಾಡಿಯಿಂದ ಇಳಿದು ಬ್ರಾಡ್‌ಗೇಜ್ ಗಾಡಿ ಹತ್ತಿ, ಪುಣೆಗೆ ಬಂದವನು ಭೋಸರಿಯ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಯಂತ್ರದುರಸ್ತಿಯ ವಿಭಾಗಕ್ಕೆ ಸೇರಿದೆ. ಅಲ್ಲಿ ವಾಹನಗಳ ತಗಡಿನ ಭಾಗಗಳನ್ನು ಒತ್ತುವ ಒಂದು ದೊಡ್ಡ ಹೈಡ್ರಾಲಿಕ್ ಪ್ರೆಸ್ ಇತ್ತು. ಒಂದು ಚಳಿಗಾಲ ಅದು ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ಗುಂಡಿಯನ್ನು ಮತ್ತೆ ಒತ್ತಿದರೆ ಏನೂ ಆಗಿಲ್ಲವೆಂಬಂತೆ ನಡೆಯುವುದು, ಅರ್ಧ ತಾಸಿಗೋ ಎರಡು ತಾಸಿಗೋ ಮತ್ತೆ ನಿಲ್ಲುವುದು. ನನಗಿಂತ ಅನುಭವಿಗಳೂ ಶಿಸ್ತುಗಾರರೂ ಆದವರು ಕ್ರಮವಾಗಿ ಎಲ್ಲವನ್ನೂ ಪರೀಕ್ಷಿಸಿದರು: ಎಣ್ಣೆಯ ಒತ್ತಡ ಸರಿಯಿತ್ತು, ಪಂಪು ಸರಿಯಿತ್ತು, ವಾಲ್ವುಗಳನ್ನು ಬಿಚ್ಚಿ ತೊಳೆದು ಕೂಡಿಸಿದರು, ಮೋಟಾರಿನ ವಿದ್ಯುತ್ತನ್ನು ಅಳೆದರು. ಪ್ರೆಸ್ ಮಾತ್ರ ನಿಲ್ಲುತ್ತಲೇ ಇತ್ತು.

ರಾತ್ರಿಪಾಳಿಯಲ್ಲಿ ನನ್ನನ್ನು ಅದರ ಮುಂದೆ ನಿಲ್ಲಿಸಿದರು. ಒಂದು ಶಬ್ದವನ್ನು ಆರಿಸಿಕೊಂಡು ಉಳಿದವನ್ನು ಹೊರಗಿಡುವ ಶಕ್ತಿ ನನ್ನ ಕಿವಿಗೆ ಎಂದೂ ಇಲ್ಲ. ಪ್ರೆಸ್ಸಿನ ಸದ್ದು, ಆಚೆಯ ಲೇತಿನ ಸದ್ದು, ನಾಸಿಕ ರಸ್ತೆಯ ಲಾರಿಗಳು, ಕ್ಯಾಂಟೀನಿನ ಹುಡುಗನು ಗಾಜಿನ ಲೋಟಗಳನ್ನು ಜೋಡಿಸುವುದು, ತಲೆಯ ಮೇಲೆ ಕಬ್ಬಿಣದ ತೊಲೆಗಳ ಮೇಲೆ ಉರುಳುವ ಕ್ರೇನು ಇವೆಲ್ಲವೂ ಸಮಾನ ಹಕ್ಕಿನಿಂದ ಒಳನುಗ್ಗುತ್ತಿದ್ದವು. ಪ್ರೆಸ್ ನಿಂತಿತು. ಮತ್ತೆ ನಡೆಸಿದೆವು, ಮತ್ತೆ ನಿಂತಿತು. ಪ್ರತಿಸಲವೂ ಅದಕ್ಕೆ ಕ್ಷಣಮಾತ್ರ ಮೊದಲು ಕ್ರೇನು ನಮ್ಮ ಪಕ್ಕದ ಕಂಬವನ್ನು ದಾಟಿ ಹೋಗಿತ್ತೆಂಬುದು ಆಗ ನನಗೆ ಥಟ್ಟನೆ ಹೊಳೆಯಿತು. ಕ್ರೇನಿನವನನ್ನು ಕೂಗಿ, ಏನನ್ನೂ ಎತ್ತದೆ ಬರಿದೇ ಆ ಕಂಬದ ಮೇಲಿಂದ ಹಿಂದಕ್ಕೂ ಮುಂದಕ್ಕೂ ಓಡಾಡಿಸೆಂದು ಕೇಳಿಕೊಂಡೆ. ಅವನು ಓಡಾಡಿಸುತ್ತಿರುವಂತೆಯೇ ಪ್ರೆಸ್ ನಿಂತಿತು. ಪ್ರೆಸ್ಸಿನ ವಿದ್ಯುತ್ ಪೆಟ್ಟಿಗೆಯನ್ನು ಅದೇ ಕಂಬಕ್ಕೆ ಬೋಲ್ಟು ಹಾಕಿ ಕೂಡಿಸಿದ್ದರು. ತೆರೆದು ನೋಡಲಾಗಿ, ಮುಖ್ಯ ಕಾಂಟ್ಯಾಕ್ಟರನ್ನು ಹಿಡಿದಿಡುವ ತಂತಿಯ ತಿರುಪು ಕಣ್ಣಿಗೆ ಕಾಣದಷ್ಟು ಸಡಿಲಾಗಿತ್ತು. ಕಾಂಟ್ಯಾಕ್ಟರ್ ಎಂಬುದು ಒಮ್ಮೆ ಹಿಡಿದುಕೊಂಡರೆ ತನ್ನ ಮೂಲಕವೇ ಹರಿಯುವ ವಿದ್ಯುತ್ತಿನಿಂದ ಹಿಡಿದೇ ಇರತಕ್ಕದ್ದು. ಆ ಪ್ರವಾಹವು ಕಣ್ಣೆವೆಯಿಕ್ಕುವಷ್ಟು ಹೊತ್ತು ಕಡಿದರೂ ಬಿಟ್ಟುಕೊಡುವುದು, ಬಿಟ್ಟ ಮೇಲೆ ಗುಂಡಿಯೊತ್ತುವ ತನಕ ಮತ್ತೆ ಹಿಡಿಯದು. ಕ್ರೇನು ಹೋದಾಗ ಕಂಬ ನಡುಗಿ, ಪೆಟ್ಟಿಗೆ ನಡುಗಿ, ಆ ತಿರುಪಿನ ಕೆಳಗಿನ ತಂತಿ ಒಂದು ಕ್ಷಣ ತೆರೆಯುತ್ತಿತ್ತು. ತಿರುಪನ್ನು ಬಿಗಿದು, ಪೆಟ್ಟಿಗೆಯನ್ನು ಕಂಬದಿಂದ ಬಿಡಿಸಿ ರಬ್ಬರಿನ ಅಡಿಯಿಟ್ಟು ಬೇರೆ ನಿಲ್ಲಿಸಿದೆವು. ಪ್ರೆಸ್ ಆ ಮೇಲೆ ಆ ಕಾರಣಕ್ಕಾಗಿ ನಿಲ್ಲಲಿಲ್ಲ.

ಇಷ್ಟು ವಿಸ್ತಾರವಾಗಿ ಇದನ್ನು ಹೇಳಿದುದು ನನ್ನ ಪ್ರಶಂಸೆಗಾಗಿಯಲ್ಲ. ನನ್ನ ಜತೆಯವರ ಜ್ಞಾನವು ನನ್ನದಕ್ಕಿಂತ ಕಡಿಮೆಯದಾಗಿರಲಿಲ್ಲ. ಅವರು ಪ್ರೆಸ್ಸಿನ ಮೇಲೆ ಮನಸ್ಸನ್ನು ನಿಲ್ಲಿಸಬಲ್ಲವರಾಗಿದ್ದರು. ನಿಲ್ಲಿಸಿದ್ದರಿಂದಲೇ ಕ್ರೇನೆಂಬುದು ಆ ಹೊತ್ತಿಗೆ ಅವರ ಪಾಲಿಗೆ ಇರಲಿಲ್ಲ. ಶಾಲೆಯಲ್ಲಿ ಮಗ್ಗಿಯನ್ನು ಬಿಟ್ಟು ಚಕ್ಕಡಿಯ ಗಾಲಿಯ ಕಡೆಗೆ ತಿರುಗಿದ ಕಣ್ಣು ಯಾವುದೋ, ಭೋಸರಿಯಲ್ಲಿ ಪ್ರೆಸ್ಸನ್ನು ಬಿಟ್ಟು ಕ್ರೇನಿನ ಕಡೆಗೆ ತಿರುಗಿದ ಕಿವಿಯೂ ಅದರದೇ ಒಡಹುಟ್ಟು. ದೋಷವೊಂದು, ಗುಣವೊಂದು ಎಂಬ ಎರಡು ಬೇರೆ ವಸ್ತುಗಳು ನನ್ನಲ್ಲಿಲ್ಲ. ಇರುವುದು ಒಂದೇ ಸ್ವಭಾವ, ಅದು ಎಲ್ಲಿ ನಿಂತಿದೆ ಎಂಬುದರ ಮೇಲೆ ಅದರ ಬೆಲೆ. ಯಂತ್ರ ಕೆಟ್ಟು, ಕೆಲಸ ನಿಂತು, ಮೇಲಿನವರು ಕೂಗಾಡುತ್ತಿರುವಾಗ ನನ್ನ ಮನಸ್ಸು ಶಾಂತವಾಗುತ್ತಿತ್ತು. ಎಲ್ಲವೂ ಸುಸೂತ್ರವಾಗಿ ನಡೆದು ಮೇಜಿನ ಮುಂದೆ ಕುಳಿತು ದುರಸ್ತಿಯ ರಜಿಸ್ಟರನ್ನು ತುಂಬಬೇಕಾದಾಗ ಅದೇ ಮನಸ್ಸು ದಿಕ್ಕುಗೆಡುತ್ತಿತ್ತು. ಇದಕ್ಕೆ ಪರಿಹಾರವು ಉಪದೇಶದಿಂದ ಬರಲಿಲ್ಲ, ಒಬ್ಬ ಸ್ನೇಹಿತರಿಂದ ಬಂದಿತು. ಉಗ್ರಾಣದಲ್ಲಿದ್ದ ಅವರ ಮೋಡಿ ಅಕ್ಷರ ಮುತ್ತಿನಂಥದು, ಒಂದು ನಟ್ಟಿನ ಲೆಕ್ಕವೂ ತಪ್ಪದ ಸ್ವಭಾವ. ಅವರು ವಹಿಯನ್ನು ಹಿಡಿದು ಯಂತ್ರದ ಪಕ್ಕಕ್ಕೇ ಬಂದು ನಿಲ್ಲುವರು. ನಾನು ಕೈಯಲ್ಲಿ ಪಾನಾ ಹಿಡಿದಿರುವಂತೆಯೇ ನಡೆದುದನ್ನೆಲ್ಲ ಹೇಳುವೆನು, ಅವರು ಬರೆದುಕೊಳ್ಳುವರು. ಅವರು ನಿವೃತ್ತರಾಗುವವರೆಗೆ ನಮ್ಮಿಬ್ಬರಿಂದ ಒಬ್ಬ ಪೂರ್ಣ ನೌಕರನಾಗಿದ್ದನೆಂದು ಹೇಳುವುದು ಸಾಲದು. ನಾವು ಇಬ್ಬರಿಗಿಂತ ಹೆಚ್ಚಾಗಿದ್ದೆವು.

ಸ್ವಭಾವದ ಬೆಲೆ ಅದು ನಿಂತ ಸ್ಥಳದ ಮೇಲೆ ಎಂಬುದಕ್ಕೆ ದೂರದ ನಿದರ್ಶನವೊಂದುಂಟು: ಉತ್ತರ ಕೀನ್ಯಾದಲ್ಲಿ ಅರಿಯಾಲ್ ಎಂಬ ಪಶುಪಾಲಕ ಜನಾಂಗವಿದೆ. ಅವರಲ್ಲಿ ಕೆಲವರು ಇಂದಿಗೂ ದನಕರುಗಳೊಡನೆ ಅಲೆಯುವವರು, ಕೆಲವರು ಊರು ಕಟ್ಟಿಕೊಂಡು ನೆಲೆನಿಂತವರು. ಎಡಿಎಚ್‌ಡಿಯೊಡನೆ ಸಂಬಂಧವುಳ್ಳದ್ದೆಂದು ಹೇಳಲಾದ ಒಂದು ವಂಶವಾಹಿಯ ರೂಪಾಂತರವನ್ನು ಅಲ್ಲಿನ ಗಂಡಸರಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲೆಮಾರಿಗಳ ಪೈಕಿ ಆ ರೂಪಾಂತರವುಳ್ಳವರು ಮೈಕಟ್ಟಿನಲ್ಲಿ ಇತರರಿಗಿಂತ ಮೇಲಾಗಿದ್ದರೆಂದೂ, ನೆಲೆನಿಂತವರ ಪೈಕಿ ಅಂಥವರೇ ಕೆಳಗಿದ್ದರೆಂದೂ ಕಂಡುಬಂದಿತು. ಒಂದೇ ವಂಶವಾಹಿಯಿಂದ ಮನುಷ್ಯನ ಸ್ವಭಾವ ನಿರ್ಣಯವಾಗದೆಂಬುದನ್ನು ಬಲ್ಲೆ; ಆದರೂ ದೀಪಾವಳಿ ಕಳೆದ ಮೇಲೆ ಕುರಿಮಂದೆಗಳನ್ನು ಹೊಡೆದುಕೊಂಡು ಘಟ್ಟವಿಳಿದು ಕೊಂಕಣಕ್ಕೆ ಹೊರಟ ಧನಗರರು ಪುಣೆಯ ಹೊರಗಿನ ರಸ್ತೆಗಳಲ್ಲಿ ಎದುರಾದಾಗ, ತೋಳ, ಲಾರಿ, ಮೋಡ, ತಪ್ಪಿಸಿಕೊಂಡ ಮರಿ ಎಲ್ಲದರ ಮೇಲೂ ಏಕಕಾಲಕ್ಕೆ ಸುಳಿದಾಡುವ ಅವರ ದೃಷ್ಟಿಯನ್ನು ನಾನು ಆತ್ಮೀಯತೆಯಿಂದ ನೋಡುತ್ತೇನೆ.

ತಲ್ಲೀನತೆಯ ಮಾತನ್ನೂ ಹೇಳಬೇಕು. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ, ಶಿಷ್ಯ ಭೀಮಸೇನ ಜೋಶಿಯವರು ಗುರುಸ್ಮರಣೆಗಾಗಿ 1953ರಿಂದ ಪುಣೆಯಲ್ಲಿ ನಡೆಸಿಕೊಂಡು ಬಂದ ಸಂಗೀತೋತ್ಸವವು ಆ ಕಾಲದಲ್ಲಿ ರಾತ್ರಿಯೆಲ್ಲ ಜರುಗುತ್ತಿತ್ತು. ಡಿಸೆಂಬರದ ಚಳಿಯಲ್ಲಿ ಕಂಬಳಿ ಹೊದ್ದು ನೆಲದ ಮೇಲೆ ಕೂತು, ಕೊನೆಯ ಬೆಳಗಿನ ಭೀಮಸೇನರ ಗಾಯನ ಮುಗಿಯುವವರೆಗೆ ನಾನು ಕದಲುತ್ತಿರಲಿಲ್ಲ. ಕಚೇರಿಯ ಸಭೆಯಲ್ಲಿ ಕಾಲು ತಾಸು ಕೂಡುವುದು ಕಷ್ಟವಾಗಿದ್ದವನಿಗೆ ಇದು ಹೇಗೆ ಸಾಧ್ಯವಾಯಿತೆಂದು ಮನೆಯವರಿಗೆ ಸೋಜಿಗ. ಕೈಯಲ್ಲಿ ಮಾತ್ರ ಒಂದು ಗೇಣು ಹುರಿಹಗ್ಗವಿರುತ್ತಿತ್ತು. ಕಂಬಳಿಯೊಳಗೆ ಅದಕ್ಕೆ ಗಂಟು ಹಾಕುತ್ತ ಬಿಚ್ಚುತ್ತ ಇದ್ದರೆ ಕಿವಿ ಪೂರ್ಣವಾಗಿ ಹಾಡಿಗೆ ದೊರೆಯುತ್ತಿತ್ತು. ಬೆರಳುಗಳಿಗೆ ಕೆಲಸ ಕೊಟ್ಟು ಗಮನವನ್ನು ಬಿಡುಗಡೆ ಮಾಡಿಕೊಳ್ಳುವ ಈ ಉಪಾಯವನ್ನು ನನಗೆ ಯಾರೂ ಕಲಿಸಿರಲಿಲ್ಲ. ವೈದ್ಯರು ಅದನ್ನು ಕೇಳಿ, ಇಂಥ ಅನೇಕರು ತಾವೇ ಕಂಡುಕೊಳ್ಳುವ ಮಾರ್ಗವಿದೆಂದರು.

ಇಂದು ಕೆಲವರು ಈ ಸ್ಥಿತಿಯನ್ನು ದೈವದತ್ತವಾದ ಅದ್ಭುತಶಕ್ತಿಯೆಂದು ಕೊಂಡಾಡುವುದನ್ನು ಕೇಳುತ್ತೇನೆ. ನನಗೆ ಆ ಮಾತು ಒಪ್ಪಿಗೆಯಾಗದು. ಕಟ್ಟಲು ಮರೆತ ವಿಮೆಯ ಕಂತು, ಕೈತಪ್ಪಿದ ಬಡ್ತಿ, ಸಣ್ಣ ಮಾತಿಗೆ ಭುಗಿಲೆದ್ದ ಸಿಟ್ಟು, ಹೇಳಿದ್ದನ್ನು ಕೇಳಿಯೂ ಕೇಳದಂತಾಗಿ ಹೆಂಡತಿಯ ಕಣ್ಣಲ್ಲಿ ಬಂದ ನೀರು ಇವುಗಳನ್ನು ಬಲ್ಲವರು ಹಾಗೆ ಹೇಳಲಾರರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಎಡಿಎಚ್‌ಡಿ ಇದ್ದೂ ಜೀವನದಲ್ಲಿ ಯಶಸ್ವಿಗಳಾದ ಆರು ಜನ ಪುರುಷರನ್ನು ಸಂದರ್ಶಿಸಿ 2019ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಬುದ್ಧಿಯ ಚಲನಶೀಲತೆ, ಧೈರ್ಯ, ಚೈತನ್ಯ, ಬಿದ್ದು ಏಳುವ ಗುಣ ಮೊದಲಾದವನ್ನು ಅವರ ಬಲಗಳೆಂದು ಎಣಿಸಿದ್ದಾರೆ. ಆರು ಜನರ ಮಾತು ಲೋಕಕ್ಕೆಲ್ಲ ಸಿದ್ಧಾಂತವಾಗದು. ಆದರೆ ಈ ವಿಷಯದಲ್ಲಿ ಹಿಂದೆ ನಡೆದ ವಿಚಾರಣೆಯೆಲ್ಲ ಬಹುಮಟ್ಟಿಗೆ ಕೊರತೆಗಳ ಪಟ್ಟಿಯಾಗಿದ್ದುದರಿಂದ, ಬಲವೇನೆಂದು ಒಬ್ಬರಾದರೂ ಕೇಳಿದರಲ್ಲ ಎಂಬುದೇ ನನಗೆ ಸಮಾಧಾನ.

ನಿದಾನವಾದ ಮೇಲೆ ನಮ್ಮ ಮನೆಯ ವ್ಯವಸ್ಥೆಯೇ ಬದಲಾಯಿತು. ಕಣ್ಣಿಗೆ ಬೀಳದ ವಸ್ತು ನನ್ನ ಪಾಲಿಗೆ ಇಲ್ಲದ ವಸ್ತುವೆಂಬುದನ್ನು ಅರಿತ ನನ್ನ ಹೆಂಡತಿ ಕಪಾಟುಗಳ ಬಾಗಿಲುಗಳನ್ನು ತೆಗೆಸಿಹಾಕಿದಳು. ಕೀಲಿಗೆ ಬಾಗಿಲ ಪಕ್ಕದಲ್ಲಿ ಮೊಳೆ ಬಂದಿತು. ಹಣದ ವ್ಯವಹಾರವು ಬ್ಯಾಂಕಿನ ಸ್ವಯಂಚಾಲಿತ ಕಂತಿಗೆ ಹೋಯಿತು. ಬೆಳಗ್ಗೆ ವೇತಾಳ ಟೇಕಡಿಯ ನಡಿಗೆ ವ್ಯಾಯಾಮದ ಹವ್ಯಾಸವಾಗಿದ್ದುದು ಈಗ ಚಿಕಿತ್ಸೆಯ ಭಾಗವಾಯಿತು. ಔಷಧವೂ ಉಂಟು. ಸ್ವಿಟ್ಜರ್ಲೆಂಡಿನಲ್ಲಿ 1944ರಲ್ಲಿ ಮೊದಲು ಸಿದ್ಧವಾದ ಮಿಥೈಲ್‌ಫೆನಿಡೇಟ್ ಎಂಬ ಆ ಔಷಧವು ನಮ್ಮ ದೇಶದಲ್ಲಿ 1985ರ ಮಾದಕದ್ರವ್ಯ ಕಾಯಿದೆಯ ಕಟ್ಟುಪಾಡಿಗೆ ಒಳಪಟ್ಟಿರುವುದರಿಂದ ವೈದ್ಯರ ಚೀಟಿಯಿಲ್ಲದೆ ದೊರೆಯತಕ್ಕದ್ದಲ್ಲ. ರಕ್ತದೊತ್ತಡವನ್ನೂ ಹೃದಯವನ್ನೂ ಪರೀಕ್ಷಿಸಿದ ಮೇಲೆಯೇ ವೈದ್ಯರು ಅದನ್ನು ಅಲ್ಪ ಪ್ರಮಾಣದಿಂದ ಆರಂಭಿಸಿದರು. ಅದರಿಂದ ನನ್ನ ಚುರುಕು ನಂದಿಹೋದೀತೆಂಬ ಭಯವಿತ್ತು. ಹಾಗಾಗಲಿಲ್ಲ. ಕ್ರೇನಿನ ಶಬ್ದ ಈಗಲೂ ಕೇಳಿಸುತ್ತದೆ. ಬೇಡವಾದಾಗ ಅದನ್ನು ಪಕ್ಕಕ್ಕಿಟ್ಟು ಪುಟವನ್ನು ಕೊನೆಯವರೆಗೆ ಓದುವುದು ಸಾಧ್ಯವಾಗಿದೆ. ನಿವೃತ್ತಿಯ ಬಳಿಕ ಐ.ಟಿ.ಐ. ಮುಗಿಸಿದ ಹುಡುಗರಿಗೆ ಯಂತ್ರಗಳ ದೋಷ ಹುಡುಕುವುದನ್ನು ಕಲಿಸುತ್ತಿದ್ದೇನೆ. ಕೂತಲ್ಲಿ ಕೂಡಲಾರದವನು ಅವರಲ್ಲಿ ಯಾರೆಂದು ಮೊದಲ ದಿನವೇ ನನಗೆ ತಿಳಿಯುತ್ತದೆ. ಅವನಿಗೆ ನಿಂತು ಮಾಡುವ ಕೆಲಸವನ್ನು ಕೊಡುತ್ತೇನೆ.

ಅಕ್ಕನನ್ನು ಅವಳ 67ನೆಯ ವಯಸ್ಸಿನಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸಿಗೆ ಕರೆದುಕೊಂಡು ಹೋದೆ. ವೈದ್ಯೆಯೊಬ್ಬರು ಅವಳ ಮಾತನ್ನು ಬಹಳ ಹೊತ್ತು ಕೇಳಿ, ನಮ್ಮ ಊಹೆ ನಿಜವೆಂದರು. ಔಷಧ ಬೇಡವೆಂದು ಅಕ್ಕನೇ ಹೇಳಿದಳು. “ಈ ವಯಸ್ಸಿನ್ಯಾಗ ನನಗೇನು ಬೇಕಾಗಿತ್ತೋ ಅದು ಸಿಕ್ತು. ನಾ ಮಬ್ಬ ಅಲ್ಲ ಅಂತ ಡಾಕ್ಟರ್ ಬಾಯಿಲೆ ಕೇಳಿದೆ” ಎಂದಳು. ಇದನ್ನು ಅವಳು ಹನ್ನೆರಡನೆಯ ವಯಸ್ಸಿನಲ್ಲಿ ಕೇಳಬೇಕಾಗಿತ್ತು.

ಓದುಗರಲ್ಲಿ ನನ್ನ ಬಿನ್ನಹವಿದೆ. ನಿಮ್ಮ ಮನೆಯಲ್ಲಿ ಉಡಾಳನೆಂದೋ ಮಬ್ಬಳೆಂದೋ ಹೆಸರು ಹೊತ್ತ ಮಗುವಿದ್ದರೆ, ಅಥವಾ ಆ ಹೆಸರನ್ನು ಹೊತ್ತುಕೊಂಡೇ ನಲವತ್ತು ಐವತ್ತು ದಾಟಿದವರು ನೀವೇ ಆಗಿದ್ದರೆ, ದಯವಿಟ್ಟು ಮನೋವೈದ್ಯರನ್ನು ಒಮ್ಮೆ ಕಾಣಿರಿ. ಹೋಗುವಾಗ ನಿಮ್ಮ ಬಾಲ್ಯವನ್ನು ಬಲ್ಲವರೊಬ್ಬರನ್ನು ಜತೆಗೆ ಕರೆದೊಯ್ಯಿರಿ. ಎಲ್ಲಿಂದ ಆರಂಭಿಸಬೇಕೆಂದು ತೋಚದಿದ್ದರೆ, ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿಯಿದೆ. ಅದರ ಸಂಖ್ಯೆ 14416. ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.